ವಿಮಾನಕ್ಕೆ ಜಡೆ ಹಾಕುವ ಪುಷ್ಪಲತಾ

ದಂಡಿನಶಿವರದಲ್ಲಿ ಯಾರನ್ನಾದರೂ ನಿಲ್ಲಿಸಿ ಪುಷ್ಪಲತಾಳ ಮನೆ ಯಾವುದು ಅಂತ ಕೇಳಿ ನೋಡಿ, ಗೊತ್ತಿಲ್ಲ ಅನ್ನುತ್ತಾರೆ. ವಿಮಾನದ ಪುಷ್ಪಿ ಅನ್ನಿ, ಕೈಲಿರುವ ಕೆಲಸ ಬಿಟ್ಟು ಬಾಗಿಲವರೆಗೆ ಬಂದು ತೋರಿಸುತ್ತಾರೆ. ದಾರಿಯುದ್ದಕ್ಕೂ ಮುಸಿಮುಸಿ ನಗುತ್ತಾರೆ ಕೂಡ. ಅವಳು ವಿಮಾನ ಹತ್ತಿದವಳಲ್ಲ, ಹತ್ತಿರದಿಂದ ನೋಡಿದವಳೂ ಅಲ್ಲ. ನಾಲ್ಕೈದು ವರ್ಷಗಳಿಂದ ಒಂದು ಯುದ್ಧ ವಿಮಾನಕ್ಕೆ ವೈರಿನ ಜಡೆ ಹಾಕುತ್ತಿದ್ದಾಳೆ, ಆ ವಿಮಾನ ಮಾತ್ರ ಇವತ್ತು ಬಂತು ನಾಳೆ ಬಂತು ಅನ್ನುವುದರಲ್ಲೇ ಇದೆ. ಊರವರಿಗೆ ನಗಲು ಇಷ್ಟು ಸಾಲದೆ?

ಜಡೆ ಅಂದರೇನು ಅಂತ ಮೊದಲು ಹೇಳಿಬಿಡಬೇಕು. ವಿಮಾನದ ಮೈಯೊಳಗೆ ಸಾವಿರಗಟ್ಟಲೆ ವೈರುಗಳು ಹಾಯುತ್ತವೆ. ಅವನ್ನು ಬಿಡಿಬಿಡಿಯಾಗಿ ತುರುಕಲು ಬರುವುದಿಲ್ಲ. ಆಳುದ್ದದ ಹಲಗೆಗೆ ನಕ್ಷೆ ಅಂಟಿಸಿ, ಮೊಳೆ ಹೊಡೆದು, ಮೊಳೆಯಿಂದ ಮೊಳೆಗೆ ವೈರು ಎಳೆದು, ಎಲ್ಲವನ್ನೂ ಒಟ್ಟು ಹಿಡಿದು, ಬೆರಳಗಲಕ್ಕೊಂದರಂತೆ ಮೇಣ ಸವರಿದ ದಾರದಲ್ಲಿ ಗಂಟು ಹಾಕುತ್ತಾ ಹೋಗಬೇಕು. ಕಂಪನಿಯವರು ಅದಕ್ಕೊಂದು ಇಂಗ್ಲಿಷ್ ಹೆಸರು ಇಟ್ಟಿದ್ದಾರೆ. ಶೆಡ್ಡಿನ ಹೆಂಗಸರು ಮೊದಲ ದಿನವೇ ಅದನ್ನು ಜಡೆ ಅಂದರು, ಬೆಂಗಳೂರಿನಿಂದ ಪರೀಕ್ಷೆಗೆ ಬರುವ ಇನ್ಸ್‌ಪೆಕ್ಟರೂ ಈಗ ಜಡೆಯೆಂದೇ ಅನ್ನುತ್ತಾನೆ.

ಶೆಡ್ಡು ಇರುವುದು ತಿಪಟೂರಿನಿಂದ ತುರುವೇಕೆರೆಗೆ ಹೋಗುವ ರಸ್ತೆಯಲ್ಲಿ. ಹಿಂದೆ ಅದು ಕೊಬ್ಬರಿ ಗೋದಾಮು. ರೇವಣಸಿದ್ದಯ್ಯ ಅನ್ನುವವರದು, ತಲೆಮಾರುಗಳಿಂದ ಕೊಬ್ಬರಿ ವ್ಯಾಪಾರ ಮಾಡಿಕೊಂಡು ಬಂದ ಮನೆ. ಅವರೊಬ್ಬರು ಮಾತ್ರ ಮನೆಯವರ ಮಾತು ಕೇಳದೆ ಬೆಂಗಳೂರಿಗೆ ಹೋಗಿ, ವಿಮಾನದ ವೈರಿಂಗ್ ಕೆಲಸ ಕಲಿತು, ಅದರಲ್ಲೇ ತಲೆ ಹಣ್ಣು ಮಾಡಿಕೊಂಡು ನಿವೃತ್ತರಾಗಿ ಬಂದರು. ಬಂದವರು ಸುಮ್ಮನೆ ಕೂರದೆ ಗೋದಾಮಿಗೆ ಸುಣ್ಣ ಹೊಡೆಸಿ, ನೆಲಕ್ಕೆ ಟೈಲ್ಸ್ ಹಾಕಿಸಿ, ಎಸಿ ಕೂರಿಸಿ, ಜಡೆ ಕಟ್ಟುವ ಗುತ್ತಿಗೆ ಹಿಡಿದರು. ಆದರೂ ಬಿಸಿಲು ಏರಿದಾಗ ಗೋಡೆಯೊಳಗಿಂದ ಕೊಬ್ಬರಿ ಎಣ್ಣೆಯ ಕಮಟು ಬರುತ್ತದೆ. ಕೆಲಸಕ್ಕೆ ಅವರು ಹುಡುಕಿದ್ದು ನಾರು ಹೊಸೆದು ಹಗ್ಗ ಮಾಡುವ ಮನೆಗಳ ಹೆಂಗಸರನ್ನು. ಅಂಥ ಮನೆಗಳಲ್ಲೊಂದು ಪುಷ್ಪಲತಾಳದು. ಗಂಡ ತಿಮ್ಮರಾಜು ತೋಟದಿಂದ ತೋಟಕ್ಕೆ ಹೋಗಿ ಕಾಯಿ ಸುಲಿಯುತ್ತಾನೆ, ಅತ್ತೆ ಭೈರಮ್ಮ ಜಗುಲಿಯ ಮೇಲೆ ಕೂತು ಹುರಿ ಹೊಸೆಯುತ್ತಾಳೆ. ಮದುವೆಯಾಗಿ ಬಂದ ಲಾಗಾಯ್ತು ಪುಷ್ಪಲತಾ ಅತ್ತೆಯ ಎದುರು ಕೂತು ಹೊಸೆದವಳು.

ಈಗ ವಿಮಾನದ ವಿಷಯ. ಅದರ ತಡದ ಕತೆ ಇವಳ ವಯಸ್ಸಿಗಿಂತ ಹಳೆಯದು. ದೇಶಕ್ಕೆ ಸ್ವಂತದ್ದೊಂದು ಹಗುರ ಯುದ್ಧ ವಿಮಾನ ಬೇಕು ಅಂತ ದೆಹಲಿಯಲ್ಲಿ ತೀರ್ಮಾನವಾದಾಗ ಇವಳಿನ್ನೂ ಹುಟ್ಟಿರಲಿಲ್ಲ. ಇವಳು ಎಸ್ಸೆಲ್ಸಿ ಬರೆದ ವರ್ಷ ಅದು ಮೊದಲ ಸಲ ಹಾರಿತು. ಇವಳ ಮದುವೆಯಾಗಿ, ಮಗಳು ಹುಟ್ಟಿ, ಮಗಳು ಹೈಸ್ಕೂಲಿನ ಹೊಸ್ತಿಲಿಗೆ ಬರುವ ಹೊತ್ತಿಗೆ ಒಂದಷ್ಟು ವಿಮಾನಗಳು ವಾಯುಪಡೆ ಸೇರಿದವು. ಈಗ ಮಾಡುತ್ತಿರುವುದು ಅದನ್ನೇ ಸುಧಾರಿಸಿದ ಹೊಸ ಬಗೆ. ಅದಕ್ಕೆ ಎಂಜಿನ್ನು ಅಮೆರಿಕದಿಂದ ಬರಬೇಕು. ಬರಲಿಲ್ಲ. ದೀಪಾವಳಿಗೆ ಅಂದರು, ಯುಗಾದಿಗೆ ಅಂದರು, ಆಮೇಲೆ ಹಬ್ಬದ ಹೆಸರು ಹೇಳುವುದನ್ನೇ ಬಿಟ್ಟರು. ಎಂಜಿನ್ನಿಲ್ಲದೆ ಬೆಂಗಳೂರಿನಲ್ಲಿ ವಿಮಾನಗಳ ಬರೀ ಮೈ ಸಾಲಾಗಿ ನಿಂತವು. ಅವು ನಿಂತ ಮೇಲೆ ತುರುವೇಕೆರೆ ರಸ್ತೆಯ ಶೆಡ್ಡೂ ನಿಂತಿತು.

ನಿಂತಿತು ಅಂದರೆ ಬಾಗಿಲು ಹಾಕಿತು ಅಂತಲ್ಲ. ಹೆಂಗಸರು ದಿನಾ ಬಂದರು. ಪ್ರತಿಯೊಬ್ಬಳಿಗೂ ತನ್ನದೇ ಒಂದು ಮುದ್ರೆ ಇರುತ್ತದೆ, ತಾನು ಕಟ್ಟಿದ ಜಡೆಯ ತುದಿಗೆ ಅದನ್ನು ಒತ್ತಬೇಕು. ಕೈಗೆ ಅಭ್ಯಾಸ ತಪ್ಪಿದರೆ ಮುದ್ರೆ ವಾಪಸು ಕಿತ್ತುಕೊಳ್ಳುತ್ತಾರೆ. ಹಾಗಾಗಿ ಬೆಳಿಗ್ಗೆ ಬಂದು ಹಳೇ ವೈರಿನಲ್ಲಿ ಒಂದು ಜಡೆ ಕಟ್ಟುವುದು, ರೇವಣಸಿದ್ದಯ್ಯ ಬಂದು ನೋಡುವುದು, ಸಾಯಂಕಾಲ ಕತ್ತರಿಯಲ್ಲಿ ದಾರ ಕತ್ತರಿಸಿ ವೈರುಗಳನ್ನು ಮತ್ತೆ ಡಬ್ಬಕ್ಕೆ ಹಾಕುವುದು. ಮಾರನೇ ದಿನ ಅದೇ ವೈರು, ಅದೇ ಹಲಗೆ. ಮೊದಮೊದಲು ಹೆಂಗಸರು ತಮಾಷೆ ಮಾಡಿಕೊಂಡು ಕಟ್ಟಿದರು. ಆಮೇಲೆ ಸಿಟ್ಟು ಮಾಡಿಕೊಂಡು ಕಟ್ಟಿದರು. ಕೊನೆಕೊನೆಗೆ ಏನೂ ಅನ್ನಿಸದೆ ಕಟ್ಟಿದರು. ಪುಷ್ಪಲತಾ ಎಲ್ಲರಿಗಿಂತ ಮೊದಲೇ ಆ ಸ್ಥಿತಿಗೆ ಬಂದಿದ್ದಳು. ಬಸ್ಸಿನಲ್ಲಿ ಯಾರಾದರೂ "ಏನ್ ಪುಷ್ಪಕ್ಕ, ಎಲ್ಲಿಗ್ ಬಂತು ನಿನ್ ಇಮಾನ?" ಅಂತ ಕೆಣಕಿದರೆ, "ಬತ್ತೈತೆ ಬುಡಪ್ಪ" ಅಂತ ಕಿಟಕಿಯಾಚೆ ನೋಡುತ್ತಿದ್ದಳು.

ನಿಜವಾದ ಜಡೆಯೂ ಒಂದಿತ್ತು. ಎಂಜಿನ್ ಕೋಣೆಗೆ ಹೋಗುವುದು, ಎಲ್ಲಕ್ಕಿಂತ ದಪ್ಪನೆಯದು, ಎಲ್ಲಕ್ಕಿಂತ ಹೆಚ್ಚು ಕವಲಿನದು. ಶುರುವಿನಿಂದ ಕೊನೆವರೆಗೆ ಪುಷ್ಪಲತಾ ಒಬ್ಬಳೇ ಕಟ್ಟಿದ್ದು. ಬೇರೆಯವರ ಕೈಯ ಬಿಗಿ ಸೇರಿದರೆ ಇನ್ಸ್‌ಪೆಕ್ಟರು ಒಪ್ಪುತ್ತಿರಲಿಲ್ಲ. ಪರೀಕ್ಷೆಯಾಗಿ, ಮುದ್ರೆ ಬಿದ್ದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಗಾಜಿನ ಬಾಗಿಲ ಬೀರುವಿನಲ್ಲಿ ಮಲಗಿತ್ತು. ಒಂದು ಗಂಟು ಬಿಚ್ಚಿದರೂ ಮೊದಲಿಂದ ಪರೀಕ್ಷೆ ಆಗಬೇಕು, ಅದಕ್ಕೇ ವಾರಗಟ್ಟಲೆ ಹಿಡಿಯುತ್ತದೆ. ಎಂಜಿನ್ನು ಬಂದ ದಿನ ಮೊದಲು ಬೇಕಾಗುವುದು ಇದೇ ಅಂತ ರೇವಣಸಿದ್ದಯ್ಯ ಬೀರುವಿನ ಬೀಗದ ಕೈಯನ್ನು ತಮ್ಮ ಜೇಬಿನಲ್ಲೇ ಇಟ್ಟುಕೊಂಡಿದ್ದರು.

ಹೀಗಿರುವಾಗ ಮಗಳು ರಂಗಲಕ್ಷ್ಮಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅವಳನ್ನು ಶೆಟ್ಟಿಕೆರೆಗೆ ಕೊಟ್ಟಿತ್ತು; ಅಳಿಯ ಹಾಲಿನ ವ್ಯಾನು ಓಡಿಸುವ ಹುಡುಗ, ಒಳ್ಳೆಯವನು. ಮನೆಗೆ ಒಂದು ಕಳೆ ಬಂತು. ಶೆಡ್ಡಿನಲ್ಲಿ ಕಲ್ಲಿನ ಹಾಗೆ ಕೂರುತ್ತಿದ್ದ ಪುಷ್ಪಲತಾ ಸಾಯಂಕಾಲ ಬಸ್ಸಿಳಿದು ಮನೆಗೆ ಓಡೋಡಿ ಬರತೊಡಗಿದಳು. ಮಗಳ ತಲೆಗೆ ಎಣ್ಣೆ ತಟ್ಟುವುದು, ಅವಳು ಬೇಡ ಬೇಡ ಅಂದರೂ ಒಬ್ಬಟ್ಟು ತಿನ್ನಿಸುವುದು, ಹೊಟ್ಟೆಯ ಮೇಲೆ ಕೈಯಿಟ್ಟು ಕೂಸು ಒದೆಯುವುದಕ್ಕೆ ಕಾಯುವುದು. ಅವಳ ಬದುಕಿನಲ್ಲಿ ಹೇಳಿದ ದಿನಕ್ಕೆ ಬರುವಂಥದ್ದು ಅಂತ ಇದೊಂದಾದರೂ ಇತ್ತು.

ಆ ಮನೆಯಲ್ಲೊಂದು ಪದ್ಧತಿ. ಹೆರಿಗೆ ದಿನ ಹತ್ತಿರ ಬಂದರೆ ಗಂಟು ಬಿಚ್ಚುತ್ತಾರೆ. ಭೈರಮ್ಮನ ತಾಯಿ ಸುತ್ತಲ ಊರಿಗೆಲ್ಲ ಸೂಲಗಿತ್ತಿಯಾಗಿದ್ದವಳು, ಅವಳಿಂದ ಬಂದ ಮಾತು. ಭೈರಮ್ಮ ಹಸುವಿನ ಕಣ್ಣಿ ಬಿಚ್ಚಿದಳು, ಬಟ್ಟೆ ಹರವುವ ಹಗ್ಗ ಬಿಚ್ಚಿದಳು, ಕಾಳಿನ ಚೀಲಗಳ ಬಾಯಿ ಬಿಚ್ಚಿದಳು, ಹೊಸೆದು ಕಟ್ಟಿಟ್ಟಿದ್ದ ಹುರಿಯ ಪಿಂಡಿಗಳನ್ನು ಕೂಡ ಬಿಚ್ಚಿ ಹರವಿದಳು. ತಿಮ್ಮರಾಜು ಎಡವಿ ಬಿದ್ದು ಗೊಣಗಿದ.

"ನಾವೆಲ್ಲಾ ಬಿಚ್ಚಿದ್ದು ಬ್ಯಾರೆ ಕಣೇ," ಅಂದಳು ಭೈರಮ್ಮ ಸೊಸೆಗೆ. "ಹೆರೋ ಹುಡುಗಿ ತಾಯಿ ಕೈಯಾರೆ ಹಾಕಿದ್ ಗಂಟು ಐತಲ್ಲ, ಅದು ಮುಖ್ಯ. ಅದು ಎಲ್ಲೇ ಇದ್ರೂ ಕೂಸಿಗೆ ದಾರಿ ಬುಡಕಿಲ್ಲ. ನೀನು ಎಲ್ಲೆಲ್ಲಿ ಏನೇನ್ ಕಟ್ಟಿದ್ದೀಯೋ ನೆಪ್ಪು ಮಾಡ್ಕೊಂಡು ಬಿಚ್ಚು."

ರಂಗಲಕ್ಷ್ಮಿ ಡಿಗ್ರಿ ಓದಿದವಳು. "ಅಜ್ಜಿ, ಅಮ್ಮ ದಿನಾ ಕಟ್ಟೋದೇ ಕೆಲಸ. ಅದನ್ನೆಲ್ಲಾ ಬಿಚ್ಚಿದ್ರೆ ವಿಮಾನ ಹಾರಿದಂಗೇ," ಅಂತ ನಕ್ಕಳು. ಪುಷ್ಪಲತಾಳೂ ನಕ್ಕಳು. ಅವಳು ಇಂಥದ್ದನ್ನು ನಂಬುವವಳೂ ಅಲ್ಲ, ನಂಬದೆ ಇರುವಷ್ಟು ಧೈರ್ಯ ಇದ್ದವಳೂ ಅಲ್ಲ. ಕಟ್ಟಿದ್ದನ್ನು ಸಾಯಂಕಾಲಕ್ಕೆ ಕತ್ತರಿಸುತ್ತೇವಲ್ಲ, ಅಲ್ಲಿಗೆ ಸರಿಹೋಯಿತು ಅಂದುಕೊಂಡಳು. ಬೀರುವಿನಲ್ಲಿದ್ದುದು ನೆನಪಾಗಲಿಲ್ಲ ಅಂತೇನಲ್ಲ. ನೆನಪಾಯಿತು, ಬೀಗ ಹಾಕಿದೆ ಅಂತ ಸುಮ್ಮನಾದಳು.

ಹೆರಿಗೆಗೆ ಇನ್ನೂ ದಿನವಿದೆ ಅಂತ ಡಾಕ್ಟರು ಹೇಳಿದ್ದರು. ಒಂದು ದಿನ ಬೆಳಿಗ್ಗೆ ರೇವಣಸಿದ್ದಯ್ಯನವರ ಫೋನು ಬಂತು.

"ಪುಷ್ಪಮ್ಮ, ಎಂಜಿನ್ ಬಂತಂತೆ ಕಣಮ್ಮ. ಇವತ್ತು ಸಾಯಂಕಾಲ ಕಾರ್ ಕಳಿಸ್ತಾರೆ, ನಿನ್ ಜಡೆ ಹೋಗ್ಬೇಕು. ಇನ್ಸ್‌ಪೆಕ್ಟ್ರು ಬತ್ತಾರೆ. ಒಂದ್ಸಲ ನೀನೇ ನೋಡಿ ಕೊಡ್ಬೇಕು, ಬಾ."

ಪುಷ್ಪಲತಾ ಹೊರಟಳು. ಹೊರಡುವಾಗ ಮಗಳು ಸೊಂಟ ನೋವು ಅಂದಳು. ಭೈರಮ್ಮ ಬಿಸಿನೀರು ಕಾಯಿಸುತ್ತಿದ್ದಳು. ಮಧ್ಯಾಹ್ನದೊಳಗೆ ಬಂದುಬಿಡ್ತೀನಿ ಅಂತ ಹೇಳಿ ಬಸ್ಸು ಹತ್ತಿದಳು. ಶೆಡ್ಡಿನಲ್ಲಿ ಹಬ್ಬದ ವಾತಾವರಣ. ಯಾರೋ ಜಾಮೂನು ತಂದಿದ್ದರು. ಬೀರು ತೆಗೆದು ಜಡೆಯನ್ನು ಮೇಜಿನ ಮೇಲೆ ಉದ್ದಕ್ಕೆ ಮಲಗಿಸಿದ್ದರು. ಪುಷ್ಪಲತಾ ತುದಿಯಿಂದ ತುದಿಗೆ ಬೆರಳಾಡಿಸುತ್ತಾ ಒಂದೊಂದೇ ಗಂಟು ನೋಡುತ್ತಾ ಬಂದಳು. ಅರ್ಧ ನೋಡಿದ್ದಳು, ಅತ್ತೆಯ ಫೋನು.

"ಆಸ್ಪತ್ರೇಲಿದ್ದೀವಿ ಕಣೇ, ತಿಪಟೂರಲ್ಲಿ. ನೀನು ಹೋದ್ ಮ್ಯಾಲೆ ನೀರು ಒಡೀತು. ಕೂಸು ಕೆಳಕ್ಕೆ ಇಳೀತಾ ಇಲ್ಲ. ಪುಷ್ಪಿ, ನಿನ್ ಕೈಲಿ ಹಾಕಿದ್ ಗಂಟು ಎಲ್ಲಾದ್ರೂ ಉಳ್ಕೊಂಡೈತೇನೇ? ಇದ್ರೆ ಈಗ್ಲೇ ಬಿಚ್ಚೇ ನಮ್ಮವ್ವ."

ಪುಷ್ಪಲತಾ ಬತ್ತೀನಿ ಅಂದು ಫೋನಿಟ್ಟಳು. ಜಡೆ ಎದುರಿಗೇ ಮಲಗಿತ್ತು. ಅವಳ ಎಡಗೈ ಹೆಬ್ಬೆರಳಿನ ಉಗುರು ಒಂದು ಗಂಟಿನ ಕೆಳಗೆ ಹೋಗಿ ಕೂತಿತ್ತು; ಅದು ಯಾವಾಗ ಹೋಯಿತೋ ಅವಳಿಗೆ ತಿಳಿಯಲಿಲ್ಲ. ಒಮ್ಮೆ ಮೀಟಿದರೆ ಸಾಕಿತ್ತು. ಆ ಹೊತ್ತಿಗೆ ರೇವಣಸಿದ್ದಯ್ಯ ಜಾಮೂನಿನ ಲೋಟ ಹಿಡಿದುಕೊಂಡು ಪಕ್ಕಕ್ಕೆ ಬಂದರು. ಅವರ ಕಣ್ಣು ತುಂಬಿತ್ತು.

"ಎಲ್ಲಾ ಸರಿಯಾಗೈತೇನಮ್ಮ? ಇಷ್ಟು ವರ್ಷ ಯಾರ್ಯಾರ ಬಾಯಲ್ಲಿ ಏನೇನ್ ಅನ್ನಿಸ್ಕೊಂಡ್ವಿ. ಇನ್ನು ನಮ್ಮಿಂದ ಒಂದ್ ಗಳಿಗೆ ತಡ ಆಗಬಾರ್ದು."

ಏನು ಮಾಡಬೇಕಿತ್ತು ಅವಳು? ನನ್ನ ಮಗಳು ಹೆರಬೇಕು, ಅದಕ್ಕೆ ಈ ಗಂಟುಗಳನ್ನೆಲ್ಲ ಬಿಚ್ಚುತ್ತೇನೆ ಅನ್ನಬೇಕಿತ್ತೆ? ಶೆಡ್ಡಿನ ಹೆಂಗಸರೆಲ್ಲ ಬಾಗಿಲ ಕಡೆ ನೋಡುತ್ತಾ ಕಾರಿಗೆ ಕಾಯುತ್ತಿದ್ದರು. ಬಿಚ್ಚಿದರೆ ಅವರೆಲ್ಲರ ಕೆಲಸವೂ ನಿಂತು, ವಿಮಾನ ಮತ್ತೆ ನಿಂತು, ಇಷ್ಟು ದಿನ ಎಲ್ಲರೂ ಎಲ್ಲರ ಮೇಲೂ ಹಾಕಿದ ತಪ್ಪು ಬಂದು ಇವಳ ತಲೆ ಮೇಲೆ ಕೂರುತ್ತಿತ್ತು. ಆಸ್ಪತ್ರೆಯಿದೆ, ಡಾಕ್ಟರಿದ್ದಾರೆ, ಇದು ಅಜ್ಜಿಯ ಕಾಲವಲ್ಲ ಅಂತ ತನಗೆ ತಾನೇ ಹೇಳಿಕೊಂಡಳು. ಉಗುರನ್ನು ಈಚೆ ತೆಗೆದಳು.

"ಸರಿಯಾಗೈತೆ ಸಾರ್," ಅಂದಳು.

ಕಾರು ಬರುವವರೆಗೆ ಕಾಯಲಿಲ್ಲ. ರಸ್ತೆಗೆ ಓಡಿ ಬಂದು ಬಸ್ಸು ಹತ್ತಿ ಕೂತಳು. ಕೂತ ಮೇಲೆ ತುರುಬು ಬಿಚ್ಚಿದಳು. ಊಟದ ಬುತ್ತಿಯ ಗಂಟು ಬಿಚ್ಚಿದಳು. ಸೆರಗಿನ ತುದಿಯಲ್ಲಿ ಚಿಲ್ಲರೆ ಕಟ್ಟಿಕೊಂಡಿದ್ದಳು, ಅದನ್ನೂ ಬಿಚ್ಚಿ ಅಂಗೈಯಲ್ಲಿ ಹಿಡಿದುಕೊಂಡಳು. ಕಂಡಕ್ಟರು ಕೂದಲು ಕೆದರಿದ ಹೆಂಗಸನ್ನು ನೋಡಿ ಟಿಕೆಟ್ಟು ಕೇಳದೆ ಮುಂದಕ್ಕೆ ಹೋದ.

ಅವಳು ಹೋಗುವಷ್ಟರಲ್ಲಿ ಆಪರೇಷನ್ ಮುಗಿದಿತ್ತು. ಮಗಳು ಉಳಿದಿದ್ದಳು. ಕೂಸು ಹೆಣ್ಣು, ಉಸಿರಾಡಿರಲಿಲ್ಲ. ಕರುಳುಬಳ್ಳಿ ಕುತ್ತಿಗೆಗೆ ಬಿಗಿಯಾಗಿ ಸುತ್ತಿಕೊಂಡಿತ್ತು, ಯಾರ ಕೈಯಲ್ಲೂ ಇರಲಿಲ್ಲ, ಯಾರದೂ ತಪ್ಪಿಲ್ಲ ಅಂತ ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದರು. ಪುಷ್ಪಲತಾ ತಲೆಯಾಡಿಸಿದಳು. ಭೈರಮ್ಮ ಗೋಡೆಗೆ ತಲೆ ಕೊಟ್ಟು ಅಳುತ್ತಿದ್ದಳು. ತಿಮ್ಮರಾಜು ಕೂಸನ್ನು ಬಿಳಿ ಬಟ್ಟೆಯಲ್ಲಿ ತೆಗೆದುಕೊಂಡು ಅಳಿಯನ ಜೊತೆ ಊರಿಗೆ ಹೋದ. ಪುಷ್ಪಲತಾಳಿಗೆ ಅಳು ಬರಲಿಲ್ಲ. ಬರಬೇಕಲ್ಲ ಅಂತ ಕಾದಳು. ಅಂಗೈಯಲ್ಲಿ ಚಿಲ್ಲರೆ ಇನ್ನೂ ಇತ್ತು.

ಮಗಳಿಗೆ ಎಚ್ಚರವಾಗಿ, ವಿಷಯ ತಿಳಿದು, ಅತ್ತು ಸುಸ್ತಾದ ಮೇಲೆ ಒಂದೇ ಮಾತು ಕೇಳಿದಳು.

"ಅಮ್ಮ, ಅಜ್ಜಿ ಹೇಳಿದ್ದೆಲ್ಲಾ ಬಿಚ್ಚಿದ್ದೆ ತಾನೆ?"

"ಎಲ್ಲಾ ಬಿಚ್ಚಿದ್ದೆ ಕಣವ್ವ," ಅಂದಳು ಪುಷ್ಪಲತಾ.

ಕೆಲವು ವಾರ ಮನೆಯಲ್ಲಿದ್ದು ಅವಳು ಮತ್ತೆ ಕೆಲಸಕ್ಕೆ ಹೋದಳು. ಹೆಂಗಸರು ಸುತ್ತ ಕೂಡಿ ಸಮಾಧಾನ ಹೇಳಿದರು, ಇವಳು ಹೂಂ ಹೂಂ ಅಂದಳು. ಜಡೆ ಹೋಗಿ ಸೇರಿತೇ ಅಂತ ಕೇಳಿದ್ದಕ್ಕೆ ರೇವಣಸಿದ್ದಯ್ಯ ಮುಖ ತಗ್ಗಿಸಿದರು. ಅವತ್ತು ಕಾರು ಬರಲೇ ಇಲ್ಲವಂತೆ. ಬಂದ ಎಂಜಿನ್ನು ಬೇರೊಂದು ವಿಮಾನದ ಪಾಲಾಯಿತಂತೆ, ಇದರ ಎಂಜಿನ್ನು ಇನ್ನೂ ಅಮೆರಿಕದಲ್ಲೇ ಇದೆಯಂತೆ, ಹೇಳಿ ಕಳಿಸುವವರೆಗೆ ಜಡೆ ನಿಮ್ಮಲ್ಲೇ ಇರಲಿ ಅಂದರಂತೆ. ಅಂತೆ ಅಂತೆ ಅಂತ ಅವರು ಹೇಳುತ್ತಲೇ ಇದ್ದರು. ಪುಷ್ಪಲತಾ ಬೀರುವಿನ ಕಡೆ ನೋಡಿದಳು. ಗಾಜಿನೊಳಗೆ ಅದು ಇದ್ದ ಜಾಗದಲ್ಲೇ ಇತ್ತು.

ಸಿಟ್ಟು ಬರಬೇಕಿತ್ತು. ಎಂಜಿನ್ನಿನವರ ಮೇಲೋ, ದೆಹಲಿಯವರ ಮೇಲೋ, ಕಡೆಗೆ ಈ ಮುದುಕನ ಮೇಲಾದರೂ ಉರಿದು ಬೀಳಬೇಕಿತ್ತು. ಬೇರೆ ಯಾರಾದರೂ ಆಗಿದ್ದರೆ ಗಾಜು ಒಡೆಯುತ್ತಿದ್ದರೋ ಏನೋ. ಇವಳು ಹೋಗಿ ತನ್ನ ಹಲಗೆಯ ಮುಂದೆ ಕೂತು ಹಳೇ ವೈರಿನ ಡಬ್ಬ ಎಳೆದುಕೊಂಡಳು. ಬೆಳಿಗ್ಗೆ ಕಟ್ಟಿದಳು, ಸಾಯಂಕಾಲ ಕತ್ತರಿಸಿದಳು. ಊಟಕ್ಕೆ ಬೀರುವಿಗೆ ಬೆನ್ನು ಹಾಕಿ ಕೂರುವುದನ್ನು ಅಭ್ಯಾಸ ಮಾಡಿಕೊಂಡಳು. ರುಚಿ ಗೊತ್ತಾಗುತ್ತಿರಲಿಲ್ಲ. ಉಪ್ಪು ಹಾಕದ ಸಾರನ್ನೂ ತಿಂದು ಏಳುತ್ತಿದ್ದಳು, ಗಂಡ ಹೇಳಿದ ಮೇಲೆ ಹೌದಾ ಅನ್ನುತ್ತಿದ್ದಳು. ಬಸ್ಸಿನವರು ವಿಮಾನದ ಸುದ್ದಿ ಕೇಳುವುದನ್ನು ತಾವಾಗಿಯೇ ಬಿಟ್ಟರು.

ಮಗಳು ತವರಲ್ಲೇ ಉಳಿದಳು. ಅಳಿಯ ಭಾನುವಾರ ಭಾನುವಾರ ಬಂದು ಜಗುಲಿಯಲ್ಲಿ ಕೂತು ಹೋಗುತ್ತಿದ್ದ. ನಿಧಾನಕ್ಕೆ ಅವಳು ತಲೆ ಬಾಚಿಕೊಂಡಳು, ಅಜ್ಜಿಯ ಜೊತೆ ಮಾತಾಡಿದಳು, ಒಂದು ದಿನ ನಕ್ಕಳು ಕೂಡ. ತಿಂಗಳುಗಳು ಕಳೆದು, ಈ ಸೋಮವಾರ ಶೆಟ್ಟಿಕೆರೆಗೆ ಹೋಗುತ್ತೇನೆ ಅಂದಳು. ಪುಷ್ಪಲತಾಳಿಗೆ ಸಂತೋಷವೇ ಆಯಿತು, ಆದರೆ ಅದು ಬೇರೆ ಯಾರ ಮನೆಯಲ್ಲೋ ಆದ ಸಂತೋಷದಂತೆ ದೂರದಲ್ಲಿತ್ತು.

ಅದೇ ವಾರ ಶೆಡ್ಡಿಗೆ ಹೊಸ ನಕ್ಷೆ ಬಂತು. ಎಂಜಿನ್ ಕೋಣೆಯಲ್ಲಿ ಒಂದು ಪೆಟ್ಟಿಗೆಯ ಜಾಗ ಬದಲಾಗಿದೆ, ಜಡೆಯ ಎರಡು ಕವಲು ಉದ್ದವಾಗಬೇಕು. ಹಳೆಯದನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಬೇಕು. ರೇವಣಸಿದ್ದಯ್ಯ ಬೀರು ತೆಗೆದು ಜಡೆಯನ್ನು ಪುಷ್ಪಲತಾಳ ಮುಂದೆ ಇಟ್ಟು, ಅದರ ಪಕ್ಕ ಕತ್ತರಿ ಇಟ್ಟರು.

"ಕತ್ತರಿಸಿ ಹಾಕ್ಬುಡಮ್ಮ. ಅರ್ಧ ಗಂಟೆ ಕೆಲಸ," ಅಂದರು.

ಅವಳು ಕತ್ತರಿ ಮುಟ್ಟಲಿಲ್ಲ. ಮೊದಲ ಗಂಟಿನ ಕೆಳಗೆ ಉಗುರು ತೂರಿಸಿ ಮೀಟಿದಳು. ಮೇಣ ಹಿಡಿದು ಕಲ್ಲಾಗಿತ್ತು, ಬರಲಿಲ್ಲ. ಮತ್ತೆ ಮೀಟಿದಳು. ಅದು ಸಡಿಲವಾದ ಮೇಲೆ ಎರಡನೆಯದಕ್ಕೆ ಹೋದಳು. ಪಕ್ಕದವಳು ಯಾಕಕ್ಕ ಹಿಂಗೆ ಅಂದಳು, ಇವಳು ಮೂರನೆಯದಕ್ಕೆ ಹೋದಳು. ಊಟಕ್ಕೆ ಏಳಲಿಲ್ಲ. ಉಗುರು ಮುರಿಯಿತು, ಬೇರೆ ಬೆರಳಿನಲ್ಲಿ ಮುಂದುವರಿಸಿದಳು. ಬಿಳಿ ದಾರಕ್ಕೆ ಅಲ್ಲಲ್ಲಿ ರಕ್ತ ಹತ್ತಿತು. ರೇವಣಸಿದ್ದಯ್ಯ ಎರಡು ಸಲ ಬಂದು ನೋಡಿ ಹೋದರು. ಹೆಂಗಸರು ಮನೆಗೆ ಹೊರಡುವ ಹೊತ್ತಿಗೆ ಕೊನೆಯ ಗಂಟು ಬಿಚ್ಚಿತು. ವೈರುಗಳು ಮೇಜಿನ ಮೇಲೆ ಬಿಡಿಬಿಡಿಯಾಗಿ ಬಿದ್ದವು. ಅವಳಿಗೆ ಹಗುರವೂ ಆಗಲಿಲ್ಲ, ಭಾರವೂ ಆಗಲಿಲ್ಲ. ಕೈ ತೊಳೆದುಕೊಂಡು ಬಸ್ಸಿಗೆ ಹೋದಳು.

ಮನೆಯಲ್ಲಿ ರಂಗಲಕ್ಷ್ಮಿ ಗಂಡನ ಮನೆಗೆ ಒಯ್ಯುವ ಬಟ್ಟೆ ಮಡಿಸುತ್ತಿದ್ದಳು. ಭೈರಮ್ಮ ಹಿತ್ತಲಲ್ಲಿ ಹಸುವಿನ ಹತ್ತಿರ ಇದ್ದಳು. ಪುಷ್ಪಲತಾ ಒಂದು ಸೀರೆ ಎತ್ತಿಕೊಂಡು ಮಡಿಸಲು ಕೂತಾಗ ಮಗಳು ಅವಳ ಕೈ ನೋಡಿದಳು.

"ಇದೇನಮ್ಮ, ಉಗುರೆಲ್ಲಾ ಕಿತ್ತೋಗೈತೆ?"

"ಜಡೆ ಬಿಚ್ಚಿದೆ."

"ದಿನಾ ಕತ್ತರೀಲಿ ತಾನೆ ಕತ್ತರಿಸೋದು?"

"ಇದು ದಿನದ್ದಲ್ಲ ಕಣೇ. ಮುದ್ರೆ ಬಿದ್ದಿದ್ದು. ಬೀರುವಲ್ಲಿತ್ತು."

"ಯಾವಾಗಿಂದ ಇತ್ತು?"

ಸುಳ್ಳು ಹೇಳಬಹುದಿತ್ತು. ಒಂದು ಸಲ ಹೇಳಿದ್ದವಳಿಗೆ ಇನ್ನೊಂದು ಸಲ ಹೇಳುವುದು ಕಷ್ಟವೇನಲ್ಲ. ಆದರೆ ಸುಳ್ಳು ಹೇಳುವುದಕ್ಕೂ ಸ್ವಲ್ಪ ಜೀವ ಬೇಕು. ಅವತ್ತು ಅವಳಲ್ಲಿ ಅಷ್ಟೂ ಇರಲಿಲ್ಲ.

"ನೀನು ಹೆರಿಗೆಗೆ ಬರೋಕೆ ಮುಂಚಿಂದ," ಅಂದಳು.

ರಂಗಲಕ್ಷ್ಮಿ ಮಡಿಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು.

"ಹಂಗಾರೆ ಅವತ್ತು ಅದು ಬಿಚ್ಚಿರ್ಲಿಲ್ಲ."

"ಬಿಚ್ಚಲಿಲ್ಲ. ಕೈಲೇ ಹಿಡ್ಕೊಂಡಿದ್ದೆ. ಸಾಯಂಕಾಲಕ್ಕೆ ವಿಮಾನಕ್ಕೆ ಹೋಗ್ಬೇಕು, ತಡ ಆಗಬಾರ್ದು ಅಂದ್ರು. ಬುಟ್ಟು ಬಂದೆ."

ಮಗಳು ಅವಳ ಮುಖವನ್ನೇ ನೋಡುತ್ತಿದ್ದಳು. ಬೈಯುತ್ತಾಳೆ ಅಂತ ಪುಷ್ಪಲತಾ ಕಾದಳು. ಬೈದರೆ ಏನಾದರೂ ಅನ್ನಿಸೀತು ಅಂತ ಕಾದಳು. ರಂಗಲಕ್ಷ್ಮಿ ಬೈಯಲಿಲ್ಲ.

"ಅವತ್ತು ಹೋಯ್ತಾ ಅದು?" ಅಂತ ಕೇಳಿದಳು.

"ಇಲ್ಲ ಕಣವ್ವ," ಅಂದಳು ಪುಷ್ಪಲತಾ.